ಮಿಶಿಮಾನ ಜಾಡು ಹಿಡಿದು ಜಪಾನಿಗೆ: ಪಟ್ಟಿಯಲ್ಲಿ ಏನಿರಬೇಕು, ಏನನ್ನು ಹೊಡೆದುಹಾಕಬೇಕು?

ಗುಬ್ಬಿ ಓದುಗ:
ಜಪಾನೀ ಕಾದಂಬರಿಕಾರ ಯುಕಿಯೊ ಮಿಶಿಮಾನ (1925–1970) ಬದುಕು ಮತ್ತು ಸಾವನ್ನು ಅರ್ಥ ಮಾಡಿಕೊಳ್ಳಲೆಂದೇ ನವೆಂಬರಿನಲ್ಲಿ ಹತ್ತು ದಿನದ ಪ್ರವಾಸ. ಸದ್ಯಕ್ಕಿರುವ ಪಟ್ಟಿ ಹೀಗಿದೆ: ಟೋಕಿಯೊದ ಇಚಿಗಾಯಾ ಸೇನಾ ನೆಲೆಯಲ್ಲಿ, ಹೊಟ್ಟೆ ಸೀಳಿಕೊಂಡು ಸಾಯುವ ಮುನ್ನ, ಅವನು ಸೈನಿಕರಿಗೆ ಭಾಷಣ ಮಾಡಿದ ಬಾಲ್ಕನಿ, ಟೋಕಿಯೊದ ಮಗೊಮೆಯಲ್ಲಿ ಅವನಿದ್ದ ಮನೆ, ಸಮಾಧಿ, ಕ್ಯೋಟೊದ ಕಿನ್ಕಾಕುಜಿ (ಚಿನ್ನದ ಮಂಟಪದ ಗುಡಿ), ಮತ್ತು ಮಿಶಿಮಾ ಅನ್ನುವ ಊರು. ನವೆಂಬರ್ 25ರಂದು, ಅವನು ಸತ್ತ ದಿನ, ಇಚಿಗಾಯಾದಲ್ಲಿರಬೇಕು ಅನ್ನೋದು ಲೆಕ್ಕ. ತಿಳಿದವರು ತಿದ್ದಿ.

ಹಳೇ ನಕ್ಷೆ:
ಎರಡನ್ನು ಈಗಲೇ ಹೊಡೆದುಹಾಕಿ.

ಮಿಶಿಮಾ ಊರಲ್ಲಿ ಮಿಶಿಮಾ ಇಲ್ಲ. ಅವನ ನಿಜವಾದ ಹೆಸರು ಕಿಮಿತಾಕೆ ಹಿರಾವೊಕಾ, ಹುಟ್ಟಿದ್ದು ಟೋಕಿಯೊದ ಯೊತ್ಸುಯಾದಲ್ಲಿ. 1941ರಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗ, ಮೊದಲ ಕತೆ ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಅವನ ಮೇಷ್ಟ್ರು ಮತ್ತು ಪತ್ರಿಕೆಯವರು ಸೇರಿ ಕಟ್ಟಿದ ಕಾವ್ಯನಾಮ ಅದು. ಶುಜೆಂಜಿಗೆ ಹೋಗುವ ದಾರಿಯ ರೈಲು ನಿಲ್ದಾಣದ ಹೆಸರು ಕಿವಿಗೆ ಹಿತವಾಯಿತು, ಅಷ್ಟೇ. ಊರು ಚೆನ್ನಾಗಿದೆ, ಫುಜಿ ಕಾಣುತ್ತದೆ, ಆದರೆ ನಿಮ್ಮ ಹತ್ತು ದಿನದಲ್ಲಿ ಅರ್ಧ ದಿನ ಕೊಡುವಂಥದ್ದಲ್ಲ.

ಮಗೊಮೆಯ ಮನೆ ಖಾಸಗಿ ಆಸ್ತಿ. 1959ರಲ್ಲಿ ಕಟ್ಟಿಸಿದ ಬಿಳಿ ಪಾಶ್ಚಾತ್ಯ ಶೈಲಿಯ ಮನೆ, ಅಂಗಳದಲ್ಲಿ ಅಪೊಲೊ ಪ್ರತಿಮೆ. ಸುತ್ತ ಎಲ್ಲ ವಾಸದ ಮನೆಗಳು, ಕಿರಿದಾದ ಬೀದಿ. ಗೇಟಿನ ಮುಂದೆ ಕ್ಯಾಮೆರಾ ಹಿಡಿದು ನಿಂತರೆ ಅಕ್ಕಪಕ್ಕದವರಿಗೆ ಕಿರಿಕಿರಿ, ನಿಮಗೆ ಕಾಣುವುದು ಕಾಂಪೌಂಡು.

ನೀಲಿಶಾಯಿ:
ಗುಬ್ಬಿಯವರೇ, ನಿಮ್ಮ ಪಟ್ಟಿಯಲ್ಲಿ ತಪ್ಪಿರುವುದು ಜಾಗಕ್ಕಿಂತ ಹೆಚ್ಚಾಗಿ ಕ್ರಮದಲ್ಲಿ. ಇಚಿಗಾಯಾದಿಂದ ಶುರು ಮಾಡಿದರೆ ಆಮೇಲೆ ನೋಡಿದ್ದೆಲ್ಲ ಆ ಒಂದು ಮಧ್ಯಾಹ್ನದ ಮುನ್ಸೂಚನೆಯ ಹಾಗೇ ಕಾಣುತ್ತದೆ. ಹೆಚ್ಚಿನವರು ಎಡವುವುದೇ ಅಲ್ಲಿ. 45 ವರ್ಷ ಬದುಕಿ, ಅದರಲ್ಲಿ ಸುಮಾರು 30 ವರ್ಷ ಬರೆದವನನ್ನು ಒಂದು ಬಾಲ್ಕನಿಗೆ ಇಳಿಸಿಬಿಡುತ್ತೇವೆ.

ಯಮನಾಕಾ ಸರೋವರದಿಂದ ಶುರು ಮಾಡಿ. ಅಲ್ಲಿನ 'ಸಾಹಿತ್ಯದ ಕಾಡು' ಉದ್ಯಾನದಲ್ಲಿ 1999ರಲ್ಲಿ ತೆರೆದ ಮಿಶಿಮಾ ಯುಕಿಯೊ ಸಾಹಿತ್ಯ ಸಂಗ್ರಹಾಲಯ ಇದೆ. ಪಕ್ಕದಲ್ಲೇ ಪತ್ರಕರ್ತ, ಇತಿಹಾಸಕಾರ ತೊಕುತೊಮಿ ಸೊಹೊನ ಸಂಗ್ರಹಾಲಯವೂ ಇದೆ. ಮಗೊಮೆ ಮನೆಯೊಳಗೆ ಕಾಣಲಾಗದ್ದು ಇಲ್ಲಿ ಕಾಣುತ್ತದೆ: ಅಪೊಲೊ ಪ್ರತಿಮೆಯ ಪ್ರತಿರೂಪ, ಮರುಸೃಷ್ಟಿಸಿದ ಓದುಕೋಣೆ, ಮೊದಲ ಮುದ್ರಣಗಳು, ಕಾಗದಪತ್ರ, ಹಸ್ತಪ್ರತಿಗಳು. ಕೈಬರಹವನ್ನು ಹತ್ತಿರದಿಂದ ನೋಡಿ. ಚೌಕುಳಿ ಕಾಗದದ ಮೇಲೆ ಗುಂಡುಗುಂಡಾದ, ಶಿಸ್ತಿನ, ಕಚೇರಿ ಗುಮಾಸ್ತನ ಅಕ್ಷರ. ಈ ಮನುಷ್ಯ ಕಾನೂನು ಓದಿ 1947ರ ಕೊನೆಗೆ ಹಣಕಾಸು ಖಾತೆಗೆ ಸೇರಿ ಒಂಬತ್ತು ತಿಂಗಳಲ್ಲಿ ರಾಜೀನಾಮೆ ಕೊಟ್ಟವನು. ರಾಜೀನಾಮೆ ಕೊಟ್ಟರೂ ಗುಮಾಸ್ತೆಯ ಶಿಸ್ತು ಬಿಡಲಿಲ್ಲ. ರಾತ್ರಿ ಪಾಳಿಯಲ್ಲಿ ಕೂತು ಬರೆದ, ಕೊಟ್ಟ ಗಡುವು ತಪ್ಪಿಸದವನೆಂದು ಹೆಸರಾದ. ನಾಲ್ಕು ಸಂಪುಟದ 'ಹೋಜೊ ನೊ ಉಮಿ' (ಫಲವತ್ತತೆಯ ಕಡಲು) ಕೊನೆಯ ಕಂತಿನ ಅಡಿಯಲ್ಲಿ ಹಾಕಿರುವ ತಾರೀಕು 1970 ನವೆಂಬರ್ 25. ಅವತ್ತು ಬೆಳಿಗ್ಗೆ ಅದನ್ನು ಪ್ರಕಾಶಕರಿಗೆ ತಲುಪುವ ಹಾಗೆ ಇಟ್ಟು ಮನೆಯಿಂದ ಹೊರಟ.

ದಾರಿ: ಶಿಂಜುಕುವಿನ ಹೆದ್ದಾರಿ ಬಸ್ ನಿಲ್ದಾಣದಿಂದ ಯಮನಾಕಾಗೆ ನೇರ ಬಸ್ಸಿದೆ, ಎರಡೂವರೆ ತಾಸಿನ ಆಸುಪಾಸು. ಉದ್ಯಾನಕ್ಕೆ ಹತ್ತಿರದ ನಿಲುಗಡೆಯಲ್ಲಿ ಇಳಿಯಿರಿ. ಸೋಮವಾರ ರಜೆ, ಸೋಮವಾರ ಸರ್ಕಾರಿ ರಜೆ ಬಿದ್ದರೆ ಸಾಮಾನ್ಯವಾಗಿ ಮರುದಿನಕ್ಕೆ ಜಾರುತ್ತದೆ. ನವೆಂಬರ್ 23 ಅಲ್ಲಿ ರಜಾದಿನ, ಲೆಕ್ಕದಲ್ಲಿರಲಿ. ವಾರಾಂತ್ಯದಲ್ಲಿ ವಾಪಸ್ ಬಸ್ಸು ತುಂಬಿರುತ್ತದೆ, ಹೋಗುವಾಗಲೇ ಬರುವ ಸೀಟೂ ಕಾದಿರಿಸಿ. ಸರೋವರ ಸಾವಿರ ಮೀಟರಿಗಿಂತ ಕೊಂಚ ಕಡಿಮೆ ಎತ್ತರದಲ್ಲಿದೆ, ಟೋಕಿಯೊದ ಸ್ವೆಟರ್ ಅಲ್ಲಿಗೆ ಸಾಲದು.

ಧಾರವಾಡ ಪೇಢಾ:
ನೀಲಿಶಾಯಿಯವರ ಹೇಳೂದು ಖರೇ ಅದ. ಆದ್ರ ಬಾಲ್ಕನಿ ಕೆಳಗ ನಿಂತು, ಅಂವಾ ಒದರಿದ್ದು ಸೈನಿಕರಿಗೆ ಎಷ್ಟರ ಮಟ್ಟಿಗೆ ಕೇಳಿಸಿರಬೇಕು ಅಂತ ಅಂದಾಜ ಮಾಡೂದು ಒಂದು ಕೆಲಸನ ಅಲ್ಲೇನ್ರೀ? ಭಾಷಣ ಸೋತಿದ್ದು ಮಾತಿನಿಂದನೋ ಮೈಕ್ ಇಲ್ಲದ್ದಕ್ಕೋ, ಜಾಗಾ ನೋಡದ ಹೆಂಗ ಹೇಳೂದು?

ಸುಮೇರು:
ಪೇಢಾ ಅವರೇ, ಆ ಅಂದಾಜು ಅಲ್ಲಿ ನಿಂತರೂ ಸಿಗುವುದಿಲ್ಲ. ಕಾರಣ ಹೇಳುತ್ತೇನೆ, ಇಚಿಗಾಯಾ ಬಗ್ಗೆ ಗೊತ್ತಿರಬೇಕಾದ ಮುಖ್ಯ ಸಂಗತಿಯೇ ಅದು.

ಈಗ ಅಲ್ಲಿರುವುದು ರಕ್ಷಣಾ ಸಚಿವಾಲಯ. 2000ದಲ್ಲಿ ಅದು ರೊಪ್ಪೊಂಗಿಯಿಂದ ಇಲ್ಲಿಗೆ ಬಂತು. ಅದಕ್ಕೆ ಜಾಗ ಮಾಡಲು ಹಳೆಯ ಒಂದನೇ ನಂಬರ್ ಕಟ್ಟಡವನ್ನು ಬಿಚ್ಚಿ, ಮುಖ್ಯ ಭಾಗಗಳನ್ನಷ್ಟೇ ಉಳಿಸಿ, ಆವರಣದೊಳಗೆ ಬೇರೆ ಕಡೆ ಚಿಕ್ಕದಾಗಿ ಮರುಜೋಡಿಸಿದರು. ಹೆಸರು ಇಚಿಗಾಯಾ ಸ್ಮಾರಕ ಭವನ. ಮುಂಭಾಗದ ಬಾಲ್ಕನಿ ಇದೆ. ಆದರೆ ಅದು ನಿಂತ ಜಾಗ ಅದಲ್ಲ, ಕಟ್ಟಡದ ಉದ್ದ ಅದಲ್ಲ, ಎದುರಿಗಿದ್ದ ಮೈದಾನವೂ ಈಗಿಲ್ಲ. ಶಬ್ದದ ಲೆಕ್ಕಾಚಾರ ಅಲ್ಲೇ ಮುರಿದುಬೀಳುತ್ತದೆ.

ಶಬ್ದದ ವಿಷಯದಲ್ಲಿ ದಾಖಲೆಯೇ ಸಾಕು. ಕೆಳಗೆ ಸೇರಿದ್ದವರು ಸುಮಾರು ಸಾವಿರ ಮಂದಿ. ಮೈಕ್ ಇರಲಿಲ್ಲ. ಸುದ್ದಿಸಂಸ್ಥೆಗಳ ಹೆಲಿಕಾಪ್ಟರ್‌ಗಳು ತಲೆಯ ಮೇಲೆ ಸುತ್ತುತ್ತಿದ್ದವು. ಸೈನಿಕರು ಕೂಗಿ ಅಣಕಿಸುತ್ತಿದ್ದರು. ಅರ್ಧ ತಾಸು ಎಂದು ಯೋಜಿಸಿದ್ದ ಭಾಷಣ ಹತ್ತು ನಿಮಿಷವೂ ನಡೆಯಲಿಲ್ಲ. ಅವನೂ ಬರಿಯ ಬಾಯಿಮಾತನ್ನು ನೆಚ್ಚಿಕೊಂಡಿರಲಿಲ್ಲ: 'ಗೆಕಿ' ಎಂಬ ಲಿಖಿತ ಘೋಷಣೆಯ ಪ್ರತಿಗಳನ್ನು ಬಾಲ್ಕನಿಯಿಂದ ಎಸೆಸಿದ್ದ, ಬೇಡಿಕೆ ಬರೆದ ಬಟ್ಟೆ ಇಳಿಬಿಟ್ಟಿದ್ದ, ಪರಿಚಯದ ಇಬ್ಬರು ಪತ್ರಕರ್ತರನ್ನು ಮೊದಲೇ ಹತ್ತಿರಕ್ಕೆ ಕರೆಸಿಕೊಂಡಿದ್ದ. ಸೇನೆ ಎದ್ದು ನಿಂತು ಸಂವಿಧಾನ ಬದಲಿಸಬೇಕು ಅನ್ನುವ ಕರೆಗೆ ಒಬ್ಬನೂ ಓಗೊಡಲಿಲ್ಲ.

ಬಾಲ್ಕನಿಗಿಂತ ಹೆಚ್ಚು ಹೇಳುವುದು ಮೇಲಿನ ಕೋಣೆ, ಆಗಿನ ಪೂರ್ವ ವಲಯದ ಕಮಾಂಡರ್ ಕೋಣೆ. ಜನರಲ್ ಮಶಿತಾನನ್ನು ಕುರ್ಚಿಗೆ ಕಟ್ಟಿ ಒತ್ತೆಯಿಟ್ಟಿದ್ದು ಅಲ್ಲೇ, ಮಿಶಿಮಾ ಮತ್ತು ಅವನ 25 ವರ್ಷದ ಶಿಷ್ಯ ಮಸಕತ್ಸು ಮೊರಿತಾ ಸತ್ತಿದ್ದೂ ಅಲ್ಲೇ. ಬಾಗಿಲಿನ ಮರದ ಮೇಲೆ ಕತ್ತಿಯ ಗುರುತುಗಳು ಉಳಿದಿವೆ. ಒಳನುಗ್ಗಲು ಬಂದ ಅಧಿಕಾರಿಗಳ ಮೇಲೆ ಬೀಸಿದಾಗ ಆದವು. ಎಂಟು ಮಂದಿಗೆ ಗಾಯವಾಯಿತು. ಅದರಲ್ಲಿ ಕೆಲವರದ್ದು ಸಣ್ಣ ಗಾಯವಲ್ಲ. 'ಸುಂದರ ಸಾವು' ಎಂದು ಬರೆಯುವವರು ಈ ಎಂಟು ಜನರನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಬದುಕುಳಿದ ಮೂವರು ಶಿಷ್ಯರಿಗೆ 1972ರಲ್ಲಿ ನಾಲ್ಕು ವರ್ಷದ ಸಜೆಯಾಯಿತು.

ಹೋಗುವ ಕ್ರಮ: ತಿರುಗಾಡಿಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ಸಚಿವಾಲಯವೇ ನಡೆಸುವ ಗುಂಪು ವೀಕ್ಷಣೆಗೆ ಮುಂಚಿತವಾಗಿ ಹೆಸರು ಕೊಡಬೇಕು. ಕೆಲಸದ ದಿನಗಳಲ್ಲಿ ಮಾತ್ರ, ಸುಮಾರು ಎರಡು ತಾಸು. ಹೆಸರನ್ನು ಪಾಸ್‌ಪೋರ್ಟಿನಲ್ಲಿರುವ ಹಾಗೇ ಬರೆಯಿರಿ. ನಮ್ಮವರು ಎಡವುವುದು ಇನಿಷಿಯಲ್ ವಿಷಯದಲ್ಲಿ: ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿ ಇರುತ್ತದೆ, ಅರ್ಜಿಯಲ್ಲಿ ಬರೀ ಒಂದಕ್ಷರ ಹಾಕುತ್ತಾರೆ, ಗೇಟಿನಲ್ಲಿ ತಾಳೆಯಾಗುವುದಿಲ್ಲ. ವಿವರಣೆ ಸಾಮಾನ್ಯವಾಗಿ ಜಪಾನೀ ಭಾಷೆಯಲ್ಲಿ. ಫೋಟೊ ಎಲ್ಲಿ ತೆಗೆಯಬಹುದು ಎಂದು ಅವರು ಹೇಳಿದಲ್ಲಿ ಮಾತ್ರ ತೆಗೆಯಿರಿ.

ಇನ್ನೊಂದು. ಮಾರ್ಗದರ್ಶಕರು ಹೆಚ್ಚು ಹೊತ್ತು ಮಾತಾಡುವುದು ಮಿಶಿಮಾನ ಬಗ್ಗೆ ಅಲ್ಲ, ಕೆಳಗಿನ ದೊಡ್ಡ ಸಭಾಂಗಣದ ಬಗ್ಗೆ. 1946ರಿಂದ 1948ರವರೆಗೆ ಟೋಕಿಯೊ ಯುದ್ಧಾಪರಾಧ ವಿಚಾರಣೆ ನಡೆದದ್ದು ಅಲ್ಲಿ. ಎಲ್ಲ ಆರೋಪಿಗಳನ್ನೂ ಬಿಡಬೇಕೆಂದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಕೂತಿದ್ದೂ ಅಲ್ಲೇ. ಮಿಶಿಮಾ ಆರಿಸಿಕೊಂಡ ಕಟ್ಟಡ ಸೋತ ಸೇನೆಯನ್ನು ನ್ಯಾಯಾಲಯಕ್ಕೆ ನಿಲ್ಲಿಸಿದ ಕಟ್ಟಡ. ಇದನ್ನು ಬಿಟ್ಟು ಬಾಲ್ಕನಿ ಮಾತ್ರ ನೋಡಿದರೆ ಅರ್ಧ ನೋಡಿದ ಹಾಗೆ.

ತುಂಗಾ ತೀರ:
ನಮ್ಮಲ್ಲಿ ಸಿಡಿತಲೆ ಕಲ್ಲುಗಳಿವೆ, ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಗರುಡಗಂಬ ಇದೆ. ಒಡೆಯ ಸತ್ತರೆ ತಾನೂ ಸಾಯುವ ಪ್ರತಿಜ್ಞೆ ಮಾಡಿದವರು, 'ಗರುಡ'ರು. ಮಿಶಿಮಾನದ್ದೂ ಆ ಜಾತಿಯದೇ ಅಂತ ನೋಡಬಹುದಲ್ಲ?

ಸುಮೇರು:
ಅರ್ಧ ಒಪ್ಪುತ್ತೇನೆ. ಒಡೆಯನ ಹಿಂದೆ ಸಾಯುವುದಕ್ಕೆ ಅಲ್ಲಿ 'ಜುನ್ಶಿ' ಎನ್ನುತ್ತಾರೆ. 1912ರಲ್ಲಿ ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ ಜನರಲ್ ನೊಗಿ ಮಾಡಿದ್ದು ಅದು. ನಮ್ಮ ಗರುಡರಿಗೆ ಅದು ಹತ್ತಿರ. ಮೊರಿತಾನ ಸಾವನ್ನು ಬೇಕಾದರೆ ಹಾಗೆ ಓದಬಹುದು. ಮಿಶಿಮಾನ ಬೆಂಬಲಿಗರು ಅವನ ಸಾವಿಗೆ ಬಳಸುವ ಮಾತು 'ಕನ್ಶಿ', ಅಂದರೆ ಆಳುವವರಿಗೆ ಬುದ್ಧಿ ಹೇಳಲು ಸಾಯುವುದು. ಅಲ್ಲೊಂದು ತೊಡಕಿದೆ. ಗರುಡನಿಗೆ ಒಡೆಯನಿದ್ದ, ಆ ಒಡೆಯ ಪ್ರತಿಜ್ಞೆಯನ್ನು ಒಪ್ಪಿಕೊಂಡಿದ್ದ. ಮಿಶಿಮಾ ಯಾರಿಗಾಗಿ 'ಬಾನ್ಜಾಯ್' (ಜಯವಾಗಲಿ) ಎಂದು ಕೂಗಿದನೋ ಆ ಚಕ್ರವರ್ತಿಯೇ 1946ರ ಹೊಸವರ್ಷದ ದಿನ ತನ್ನ ದೈವತ್ವವನ್ನು ನಿರಾಕರಿಸಿದ್ದ. ಇಲ್ಲದ ಒಡೆಯನಿಗೆ ಕೊಟ್ಟ ಭಾಷೆ ಅದು.

ಈ ಎಳೆ ಹಿಡಿಯುವವರು ಶಿಬುಯಾದ ಉದಗಾವಾಚೊದಲ್ಲಿ ಹತ್ತು ನಿಮಿಷ ನಿಲ್ಲಿ. 1936ರ ಫೆಬ್ರವರಿ 26ರ ದಂಗೆಯ ಅಧಿಕಾರಿಗಳನ್ನು ಗುಂಡಿಟ್ಟು ಕೊಂದ ಸೇನಾ ಸೆರೆಮನೆ ಇದ್ದ ಜಾಗದಲ್ಲಿ, ರಸ್ತೆ ಮೂಲೆಯಲ್ಲಿ, ಸ್ಮಾರಕ ಪ್ರತಿಮೆಯಿದೆ. ಮಿಶಿಮಾನ 'ಯೂಕೊಕು' (ದೇಶಪ್ರೇಮ) ಕತೆಯ ಹಿನ್ನೆಲೆ ಆ ದಂಗೆ. ಅಂಗಡಿ ಸಾಲಿನ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಲ್ಲಿಂದ ಇನೊಕಶಿರಾ ಲೈನ್ ಹಿಡಿದರೆ ಟೋಕಿಯೊ ವಿಶ್ವವಿದ್ಯಾಲಯದ ಕೊಮಾಬಾ ಕ್ಯಾಂಪಸ್ ಹತ್ತಿರ. 1969ರ ಮೇ 13ರಂದು ಎಡಪಂಥೀಯ ವಿದ್ಯಾರ್ಥಿಗಳ ಜೊತೆ ವಾದಕ್ಕೆ ಕೂತ 900ನೇ ಸಂಖ್ಯೆಯ ಸಭಾಂಗಣ ಅಲ್ಲಿದೆ. ಸಾವಿರದಷ್ಟು ಎದುರಾಳಿಗಳ ನಡುವೆ ಒಬ್ಬನೇ ಕೂತು, ನಗುತ್ತ, ಸಿಗರೇಟು ಹಂಚಿಕೊಳ್ಳುತ್ತ ಮಾತಾಡಿದ. ಇಚಿಗಾಯಾದಲ್ಲಿ ಸಾವಿರ ಜನ ಕೇಳಲಿಲ್ಲ, ಇಲ್ಲಿ ಸಾವಿರ ಜನ ಕೇಳಿದರು. ಪೇಢಾ ಅವರ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಇಲ್ಲಿ.

ಧಾರವಾಡ ಪೇಢಾ:
ಇದು ಬರೋಬ್ಬರಿ ಆತು ನೋಡ್ರಿ. ಅಂದ್ರ ಮೈಕ್ ಒಂದ ಕಾರಣ ಅಲ್ಲ.

ಹಳೇ ನಕ್ಷೆ:
ಸಮಾಧಿಯ ದಾರಿ ಹೇಳುತ್ತೇನೆ, ಇದರಲ್ಲಿ ತಪ್ಪುವವರು ಬಹಳ. ತಾಮಾ ಸ್ಮಶಾನ (ತಾಮಾ ರೇಯೆನ್) ಫುಚು ಊರಿನಲ್ಲಿದೆ, ಸುಮಾರು 128 ಹೆಕ್ಟೇರ್. ಕೇಯೊ ಲೈನಿನಲ್ಲಿ 'ತಾಮಾ ರೇಯೆನ್' ಎಂಬ ನಿಲ್ದಾಣವಿದೆ. ಹೆಸರು ನೋಡಿ ಇಳಿದರೆ ಮುಖ್ಯ ದ್ವಾರಕ್ಕೆ ಬಹಳ ನಡೆಯಬೇಕು. ಸರಿಯಾದ ದಾರಿ: ಚುವೊ ಲೈನಿನಲ್ಲಿ ಮುಸಾಶಿ-ಸಾಕಾಯ್‌ಗೆ ಹೋಗಿ, ಅಲ್ಲಿ ಸೇಬು ತಮಾಗಾವಾ ಲೈನಿಗೆ ಬದಲಾಯಿಸಿ, ಎರಡನೇ ನಿಲ್ದಾಣ 'ತಾಮಾ'ದಲ್ಲಿ ಇಳಿಯಿರಿ. ಅಲ್ಲಿಂದ ಐದಾರು ನಿಮಿಷ.

ವಿಳಾಸ ನಾಲ್ಕು ಅಂಕಿಯದು: 10ನೇ ವಿಭಾಗ, 1ನೇ ವರ್ಗ, 13ನೇ ಸಾಲು, 32ನೇ ಸಂಖ್ಯೆ. ಈ ಕ್ರಮದಲ್ಲೇ ಬರೆದುಕೊಳ್ಳಿ. ಸಾಲು ಮತ್ತು ವರ್ಗ ಅದಲುಬದಲಾದರೆ ಅರ್ಧ ದಿನ ಅಲೆಯುತ್ತೀರಿ. ಕಚೇರಿಯಲ್ಲಿ ನಕ್ಷೆ ಸಿಗುತ್ತದೆ. ಕಲ್ಲಿನ ಮೇಲೆ ದೊಡ್ಡದಾಗಿ ಇರುವುದು ಹಿರಾವೊಕಾ ಮನೆತನದ ಹೆಸರು, ಆದ್ದರಿಂದ ಆ ಹೆಸರನ್ನೂ ಜಪಾನೀ ಲಿಪಿಯಲ್ಲಿ ಬರೆಸಿಟ್ಟುಕೊಂಡಿರಿ. ಅವನ ಮರಣೋತ್ತರ ಬೌದ್ಧ ನಾಮ ಶೋಬುಯಿನ್ ಬುನ್ಕನ್ ಕೋಯಿ ಕೋಜಿ. ಅದರಲ್ಲಿ 'ಬು' ಅಂದರೆ ಶೌರ್ಯ, 'ಬುನ್' ಅಂದರೆ ಬರವಣಿಗೆ, 'ಕೋಯಿ' ಅಂದರೆ ಕಿಮಿತಾಕೆ ಎಂಬ ಹೆಸರಿನದೇ ಎರಡು ಅಕ್ಷರಗಳ ಇನ್ನೊಂದು ಓದು.

ಹೂವು, ಊದುಬತ್ತಿ ಸರಿ. ದ್ವಾರದ ಹತ್ತಿರದ ಅಂಗಡಿಗಳಲ್ಲಿ ಸಿಗುತ್ತವೆ. ತಿಂಡಿ ಇಟ್ಟು ಬರಬೇಡಿ, ಕಾಗೆಗಳು ಎಳೆದಾಡುತ್ತವೆ. ಅದು ಕುಟುಂಬದ ಸಮಾಧಿ, ತಂದೆ, ತಾಯಿ, ಹೆಂಡತಿ ಎಲ್ಲರೂ ಅಲ್ಲೇ.

ನೀಲಿಶಾಯಿ:
ಕಿನ್ಕಾಕುಜಿಗೆ ಬರೋಣ. ಈಗ ನೋಡುವುದು 1955ರಲ್ಲಿ ಮತ್ತೆ ಕಟ್ಟಿದ್ದು, 1987ರ ಹೊತ್ತಿಗೆ ಹೊಸ ಚಿನ್ನದ ತಗಡು ಹೊದ್ದದ್ದು. 1950ರ ಜುಲೈ 2ರ ನಸುಕಿನಲ್ಲಿ ಮರಿಸನ್ಯಾಸಿಯೊಬ್ಬ ಸುಟ್ಟದ್ದು ಇದನ್ನಲ್ಲ. ಸುಟ್ಟುಹೋದ ಕಟ್ಟಡದಲ್ಲಿ ಚಿನ್ನ ಬಹುಪಾಲು ಮಾಸಿಹೋಗಿತ್ತು. ಆ ಘಟನೆಯ ಮೇಲೆ ಮಿಶಿಮಾ ಬರೆದ 'ಕಿನ್ಕಾಕುಜಿ' ಕಾದಂಬರಿಯ ಹುಡುಗ ಮೊದಲ ಸಲ ನೋಡಿದಾಗ ನಿರಾಶನಾಗುವುದು ಅದಕ್ಕೇ: ಕಪ್ಪಗೆ, ಹಳೆಯದಾಗಿ, ಪುಟ್ಟದಾಗಿ ಕಾಣುತ್ತದೆ. ಈಗಿನ ಥಳಥಳಿಕೆ ನೋಡಿದವರಿಗೆ ಆ ಪುಟ ಅರ್ಥವೇ ಆಗುವುದಿಲ್ಲ. ಹೋಗಿ, ಆದರೆ ಬೆಳಿಗ್ಗೆ 9ಕ್ಕೆ ಬಾಗಿಲು ತೆರೆಯುವ ಮುಂಚೆ ಸಾಲಿನಲ್ಲಿರಿ, ಮುಕ್ಕಾಲು ತಾಸು ಸಾಕು.

ಹೆಚ್ಚು ಹೊತ್ತು ಕ್ಯೋಟೊದ್ದೇ ಆದ ನಾನ್ಜೆನ್ಜಿ ಗುಡಿಗೆ ಕೊಡಿ. ಅಲ್ಲಿನ ಸಾನ್ಮೊನ್ ಹೆಬ್ಬಾಗಿಲ ಮೇಲಿನಿಂದ ತೆಂಜುವಾನ್ ಉಪಗುಡಿಯ ಕಡೆ ನೋಡುವ ದೃಶ್ಯ ಕಾದಂಬರಿಯಲ್ಲಿದೆ, ಸೈನಿಕನಿಗೆ ಚಹಾ ಕೊಡುವ ಹೆಂಗಸಿನದು. ಟಿಕೆಟ್ ತೆಗೆದುಕೊಂಡು ಮೇಲೆ ಹತ್ತಬಹುದು. ಮೆಟ್ಟಿಲು ಏಣಿಯಷ್ಟು ಕಡಿದು, ಚಪ್ಪಲಿ ಕೆಳಗೆ ಬಿಡಬೇಕು, ಸೀರೆಗೆ ಕಷ್ಟ. ಕಟ್ಟಡ ಅದೇ, ದೂರ ಅದೇ, ಕೋನ ಅದೇ.

ಇನ್ನು ನಾರಾ. 'ಹೋಜೊ ನೊ ಉಮಿ'ಯ ನಾಲ್ಕೂ ಸಂಪುಟ ಓದಿದವರಿಗೆ ಇಡೀ ಪ್ರವಾಸದ ಹೂರಣ ಇಲ್ಲಿದೆ. ಎರಡು ಜಾಗ, ಒಂದೇ ರೈಲು ಲೈನು (ಸಾಕುರಾಯ್ ಲೈನ್), ಒಂದೇ ದಿನ. ಆದರೆ ಮಿವಾ ಮೊದಲು, ಒಬಿತೊಕೆ ಆಮೇಲೆ. ತಿರುಗಾಮುರುಗಾ ಮಾಡಿದರೆ ಕೆಟ್ಟಿತು. ಯಾಕೆಂದರೆ ಮಿವಾ ಬೆಟ್ಟ ಹತ್ತಲು ಹೆಸರು ನೋಂದಾಯಿಸುವುದು ಮಧ್ಯಾಹ್ನ 12ಕ್ಕೆ ನಿಲ್ಲುತ್ತದೆ. ಓಮಿವಾ ಗುಡಿಯ ಆವರಣದ ಸಾಯ್ ಗುಡಿಯಲ್ಲಿ 300 ಯೆನ್ ಕಟ್ಟಿದರೆ ಬಿಳಿ ಪಟ್ಟಿ ಕೊಡುತ್ತಾರೆ, ಇಳಿಯುವ ತನಕ ಕುತ್ತಿಗೆಯಿಂದ ತೆಗೆಯುವಂತಿಲ್ಲ. ಬೆಟ್ಟವೇ ದೇವರು, ಆದ್ದರಿಂದ ಮೇಲೆ ಫೋಟೊ ಇಲ್ಲ, ಊಟ ಇಲ್ಲ, ನೀರು ಕುಡಿಯಬಹುದು. ಎತ್ತರ 467 ಮೀಟರ್, ಹೋಗಿಬರಲು ನಾಲ್ಕು ಕಿಲೋಮೀಟರ್, ಎರಡರಿಂದ ಮೂರು ತಾಸು. ಮಳೆ ಜೋರಾದರೆ ಮತ್ತು ಕೆಲವು ಪೂಜೆಯ ದಿನ ಮುಚ್ಚುತ್ತಾರೆ. ದಾರಿಯಲ್ಲಿ ಸಾನ್ಕೊ ಜಲಪಾತ. ಎರಡನೇ ಸಂಪುಟದಲ್ಲಿ ಹೋಂಡಾ (ನಾಲ್ಕೂ ಸಂಪುಟಗಳಲ್ಲಿ ಬರುವ ಪಾತ್ರ), ಇಸಾವೊ ಎಂಬ ಯುವಕನ ಪಕ್ಕೆಯಲ್ಲಿ ಮೂರು ಮಚ್ಚೆ ಕಂಡು, ಸತ್ತ ಗೆಳೆಯ ಮತ್ತೆ ಹುಟ್ಟಿದ್ದಾನೆ ಎಂದು ತಿಳಿಯುವುದು ಈ ಜಲಪಾತದ ಕೆಳಗೆ. ಪುಸ್ತಕ ಓದಿ ಹೋದವರು ದೊಡ್ಡ ಜಲಪಾತ ನಿರೀಕ್ಷಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ಅದಕ್ಕೆ ಹೆಸರೂ ಇಡುವುದಿಲ್ಲ, ಅಷ್ಟು ಸಣ್ಣದು.

ಮಧ್ಯಾಹ್ನ ಒಬಿತೊಕೆ ನಿಲ್ದಾಣದಲ್ಲಿ ಇಳಿದು ಎನ್ಶೋಜಿ ಕಡೆ ನಡೆಯಿರಿ, ಅರ್ಧ ತಾಸಿನ ದಾರಿ. ಆ ಸಂಪುಟಗಳಲ್ಲಿ ಬರುವ ಗೆಶ್ಶುಜಿ ಮಠಕ್ಕೆ ಮಾದರಿ ಇದು. ಸನ್ಯಾಸಿನಿಯರ ಮಠ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಒಳಗೆ ಬಿಡಿ ಎಂದು ಕೇಳಬೇಡಿ. ಬಾಗಿಲವರೆಗಿನ ಮರಗಳ ದಾರಿಯಷ್ಟೇ ನಿಮ್ಮದು. ಆದರೆ ಆ ದಾರಿಯೇ ಬೇಕಾದ್ದು: ಎಂಬತ್ತು ದಾಟಿದ, ರೋಗಿ ಹೋಂಡಾ, ಕಾರಿನಿಂದ ಇಳಿದು, ನೆರಳಿಂದ ನೆರಳಿಗೆ ನಿಂತು ಸುಧಾರಿಸಿಕೊಳ್ಳುತ್ತ ಏರುವ ದಾರಿ. ಕೊನೆಗೆ ಅವನಿಗೆ ಸಿಗುವುದು ಏನೂ ಇಲ್ಲದ ಒಂದು ಅಂಗಳ. ಬಾಲ್ಕನಿಯಲ್ಲಿ ಕೂಗಿದವನೇ ಅದಕ್ಕೆ ಮುಂಚೆ ಈ ನಿಶ್ಶಬ್ದವನ್ನು ಬರೆದು ಮುಗಿಸಿದ್ದ. ಎರಡನ್ನೂ ಒಟ್ಟಿಗೆ ಹಿಡಿಯಲಾಗದಿದ್ದರೆ ಇಚಿಗಾಯಾಗೆ ಹೋಗಿ ಪ್ರಯೋಜನವಿಲ್ಲ ಅನ್ನುವುದು ನನ್ನ ಹಟ.

ತುಂಗಾ ತೀರ:
ಜಲಪಾತದ ಎಳೆ ನಮ್ಮ ದೇಶಕ್ಕೂ ಬರುತ್ತದೆ. 1967ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಮಿಶಿಮಾ ಇಲ್ಲಿ ತಿರುಗಾಡಿದ. 'ಹೋಜೊ ನೊ ಉಮಿ'ಯ ಮೂರನೇ ಸಂಪುಟದಲ್ಲಿ ಹೋಂಡಾ ಕಲ್ಕತ್ತೆಯಲ್ಲಿ ಕಾಳಿಗೆ ಕುರಿಮರಿ ಬಲಿ ಕೊಡುವುದನ್ನೂ ಬನಾರಸಿನ ಘಾಟಿನಲ್ಲಿ ಹೆಣ ಸುಡುವುದನ್ನೂ ನೋಡಿ, ಆಮೇಲೆ ಅಜಂತಾದ ಜಲಪಾತದ ಮುಂದೆ ನಿಲ್ಲುತ್ತಾನೆ. ಜಪಾನಿಗೆ ದುಡ್ಡು ಸಾಲದವರು ಅಜಂತಾಗೆ ಹೋಗಲಿ. ಮಳೆಗಾಲದಲ್ಲಿ ಹೋಗಬೇಕು, ಬೇಸಿಗೆಯಲ್ಲಿ ಜಲಪಾತ ಒಣಗಿರುತ್ತದೆ. ಸೋಮವಾರ ಗುಹೆಗಳಿಗೆ ರಜೆ.

ಸುಮೇರು:
ಕುರಿಮರಿ ಅಲ್ಲ ಸರ್, ಆಡಿನ ಮರಿ. ಉಳಿದದ್ದು ಸರಿ.

ಹಳೇ ನಕ್ಷೆ:
ಗುಬ್ಬಿಯವರ ಪಟ್ಟಿಯಲ್ಲಿಲ್ಲದ ಕಾಮಿಶಿಮಾ ದ್ವೀಪ ಸೇರಿಸಿ. 'ಶಿಯೊಸಾಯ್' (ಅಲೆಗಳ ಸದ್ದು, 1954) ಕಾದಂಬರಿಯ ಉತಾಜಿಮಾ ಇದೇ. ಮಿಶಿಮಾ 1953ರಲ್ಲಿ ಎರಡು ಸಲ ಇಲ್ಲಿ ಬಂದು ಉಳಿದ. ಗ್ರೀಸ್ ನೋಡಿ ಬಂದ ಹುರುಪಿನಲ್ಲಿ, ಡಾಫ್ನಿಸ್ ಮತ್ತು ಕ್ಲೋಯಿಯ ಹಳೆಯ ಗ್ರೀಕ್ ಪ್ರೇಮಕತೆಯನ್ನು ಜಪಾನಿನ ಮೀನುಗಾರರ ನಡುವೆ ಇಟ್ಟ. ಸಾವಿಲ್ಲದ, ವ್ಯಂಗ್ಯವಿಲ್ಲದ ಒಂದೇ ಒಂದು ಪ್ರೇಮಕತೆ. ಇದನ್ನೂ ಬರೆದದ್ದು ಅದೇ ಕೈ ಎಂಬುದು ಲೆಕ್ಕಕ್ಕೆ ಬರಬೇಕು.

ನಗೊಯಾದಿಂದ ಕಿಂತೆತ್ಸು ರೈಲಿನಲ್ಲಿ ತೊಬಾ, ಸುಮಾರು ಒಂದೂಮುಕ್ಕಾಲು ತಾಸು. ಅಲ್ಲಿಂದ ಊರಾಡಳಿತದ ದೋಣಿ, 40 ನಿಮಿಷದ ಆಸುಪಾಸು, ದಿನಕ್ಕೆ ಬೆರಳೆಣಿಕೆಯಷ್ಟೇ. ದ್ವೀಪದ ಸುತ್ತಳತೆ ನಾಲ್ಕು ಕಿಲೋಮೀಟರ್: ಯಾತ್ಸುಶಿರೊ ಗುಡಿಗೆ 214 ಮೆಟ್ಟಿಲು, ಆಮೇಲೆ ದೀಪಸ್ತಂಭ, ಆಮೇಲೆ ಸೇನೆಯವರ ಹಳೆಯ ಕಾಂಕ್ರೀಟ್ ವೀಕ್ಷಣಾ ಕಟ್ಟೆ. ಹುಡುಗ ಬೆಂಕಿಯನ್ನು ಹಾರಿ ದಾಟಿ ಬರುವ ದೃಶ್ಯ ನಡೆಯುವುದು ಆ ಕಟ್ಟೆಯಲ್ಲಿ. ಆರಾಮಾಗಿ ಎರಡೂವರೆ ತಾಸು. ಇರಾಗೊ ಜಲಸಂಧಿಯಲ್ಲಿ ಗಾಳಿ ಎದ್ದರೆ ದೋಣಿ ರದ್ದು, ಆದ್ದರಿಂದ ಇದನ್ನು ವಿಮಾನದ ಹಿಂದಿನ ದಿನ ಇಡಬೇಡಿ. ಮೊದಲ ದೋಣಿಗೆ ಹೋಗಿ, ಕೊನೆಯ ದೋಣಿಗೆ ಮುಂಚಿನದರಲ್ಲಿ ಬನ್ನಿ. ನಗದು ಇಟ್ಟುಕೊಳ್ಳಿ.

ಗುಬ್ಬಿ ಓದುಗ:
ಎಲ್ಲರಿಗೂ ಧನ್ಯವಾದ. ಮೂರು ಉಳಿದ ಪ್ರಶ್ನೆ: ರೈಲ್ ಪಾಸ್ ಬೇಕೆ? ಸಸ್ಯಾಹಾರ ಹೇಗೆ? ನವೆಂಬರ್ 25 ಇಟ್ಟುಕೊಳ್ಳಲೋ ಬೇಡವೋ?

ಹಳೇ ನಕ್ಷೆ:
ಪಾಸ್ ಬೇಡ. ಏಳು ದಿನದ ಜೆಆರ್ (ಜಪಾನ್ ರೈಲ್ವೆ) ಪಾಸ್ 2023ರ ಅಕ್ಟೋಬರಿನಲ್ಲಿ 50,000 ಯೆನ್‌ಗೆ ಏರಿತು. ಟೋಕಿಯೊ–ಕ್ಯೋಟೊ ಶಿಂಕಾನ್ಸೆನ್ (ಬುಲೆಟ್ ರೈಲು) ಒಂದು ಕಡೆಗೆ ಸುಮಾರು 14,000. ನಿಮ್ಮ ದಾರಿಯ ಕಿಂತೆತ್ಸು, ಸೇಬು, ದೋಣಿ ಯಾವುದಕ್ಕೂ ಪಾಸ್ ನಡೆಯುವುದಿಲ್ಲ.

ವೀಸಾ ಮರೆಯಬೇಡಿ. ಭಾರತದಲ್ಲಿರುವ ಭಾರತೀಯರಿಗೆ 2024ರ ಏಪ್ರಿಲ್‌ನಿಂದ ಇ-ವೀಸಾ ಬಂದಿದೆ, ವೀಸಾ ಅರ್ಜಿ ಕೇಂದ್ರದ ಮೂಲಕ. ವಿಮಾನ ನಿಲ್ದಾಣದಲ್ಲಿ ಅದನ್ನು ಇಂಟರ್ನೆಟ್ ಮೂಲಕ ಫೋನಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟ್, ಸ್ಕ್ರೀನ್‌ಶಾಟ್ ಒಪ್ಪುವುದಿಲ್ಲ. ನರಿಟಾದಲ್ಲಿ ಇಳಿದ ಕೂಡಲೇ ನೆಟ್ ಸಿಗುವ ವ್ಯವಸ್ಥೆ ಬೆಂಗಳೂರಿನಲ್ಲೇ ಮಾಡಿಕೊಳ್ಳಿ.

ಧಾರವಾಡ ಪೇಢಾ:
ಊಟದ್ದು ನಾ ಹೇಳ್ತೀನಿ. ತರಕಾರಿ ಊಟ ಅಂದ್ರೂ ಸಾರಿನಾಗ 'ದಾಶಿ' ಇರ್ತದ, ಒಣ ಮೀನಿನ ರಸ. 'ಮಾಂಸ ಇಲ್ಲ' ಅಂತ ಹೇಳಿದ್ರ ಸಾಲೂದಿಲ್ಲ, 'ದಾಶಿ ಬ್ಯಾಡ' ಅಂತ ಜಪಾನೀದಾಗ ಬರಿಸಿಟ್ಕೋರಿ. ಕ್ಯೋಟೊದಾಗ ಬೌದ್ಧ ಮಠದ ಊಟ 'ಶೋಜಿನ್ ರ್ಯೋರಿ' ಸಿಗ್ತದ, ನಾನ್ಜೆನ್ಜಿ ಸುತ್ತಮುತ್ತ ತೋಫು ಅಂಗಡಿ ಅವ, ಆದ್ರ ಅಲ್ಲೂ ದಾಶಿ ಕೇಳ್ರಿ. ಕಾಮಿಶಿಮಾದಾಗ ಮೀನು, ಆಕ್ಟೋಪಸ್ ಬಿಟ್ಟು ಏನೂ ನಂಬಬ್ಯಾಡ್ರಿ: ಅವಲಕ್ಕಿ, ಶೇಂಗಾ ಚಟ್ನಿಪುಡಿ ಚೀಲದಾಗ ಇರ್ಲಿ. ಹಸಿ ಕರಿಬೇವು, ಹಣ್ಣು ಒಯ್ಯಬ್ಯಾಡ್ರಿ, ಕಸ್ಟಮ್ಸ್‌ನಾಗ ಕಸ್ಕೋತಾರ.

ಸಾಯೋ ಹಿಂದಿನ ರಾತ್ರಿ ಅಂವಾ ನಾಲ್ಕು ಮಂದಿ ಶಿಷ್ಯರ ಜೋಡಿ ಉಂಡಿದ್ದು ಶಿಂಬಾಶಿಯ ಸುವೆಗೆನ್‌ನಾಗ. ಅದು ಕೋಳಿ ಊಟದ ಹೋಟೆಲ್. ಸಸ್ಯಾಹಾರಿಗಳು ಹೊರಗಿಂದ ಬೋರ್ಡ್ ನೋಡಿ ಬರೂದ.

ಸುಮೇರು:
ನವೆಂಬರ್ 25ರ ಬಗ್ಗೆ. ಅವತ್ತು ಟೋಕಿಯೊದಲ್ಲಿ 'ಯೂಕೊಕುಕಿ' ಎಂಬ ಸ್ಮರಣ ಸಭೆ 1971ರಿಂದ ನಡೆಯುತ್ತ ಬಂದಿದೆ. ಸಾಹಿತಿಗಳೂ ಇರುತ್ತಾರೆ, ಬಲಪಂಥೀಯ ರಾಜಕೀಯದವರೂ ಇರುತ್ತಾರೆ. ಭಾಷೆ ಬರದವರಿಗೆ ಯಾವ ಮಾತು ಯಾರದು ಎಂದು ತಿಳಿಯುವುದಿಲ್ಲ. ಅವತ್ತೇ ಇಚಿಗಾಯಾ ವೀಕ್ಷಣೆ ಸಿಗುತ್ತದೆಂಬ ಭರವಸೆಯೂ ಬೇಡ.

ಪ್ರವಾಸದ ದಿಕ್ಕಿನಿಂದ ನೋಡಿದರೂ ನವೆಂಬರ್ ಕೊನೆ ಕ್ಯೋಟೊದಲ್ಲಿ ಮೇಪಲ್ ಎಲೆ ಕೆಂಪಾಗುವ ಕಾಲ, ಕೋಣೆ ಬಾಡಿಗೆ ಗಗನಕ್ಕೇರಿರುತ್ತದೆ. ತಿಂಗಳ ಮೊದಲ ಅರ್ಧದಲ್ಲಿ ಹೊರಡಿ: ಯಮನಾಕಾ, ಕಾಮಿಶಿಮಾ, ಕ್ಯೋಟೊ, ನಾರಾ, ಕೊನೆಗೆ ಟೋಕಿಯೊದಲ್ಲಿ ಕೊಮಾಬಾ, ಶಿಬುಯಾ, ಇಚಿಗಾಯಾ, ತಾಮಾ.

ನೀಲಿಶಾಯಿ:
ಇಚಿಗಾಯಾ ದಿನಾಂಕ ಮೊದಲು ಖಚಿತ ಮಾಡಿಕೊಂಡು ಉಳಿದದ್ದನ್ನು ಅದರ ಹಿಂದಕ್ಕೆ ಎಣಿಸಿ. ಮತ್ತೆ ಯಮನಾಕಾ ಸೋಮವಾರಕ್ಕೆ ಬೀಳದ ಹಾಗೆ ನೋಡಿಕೊಳ್ಳಿ.

ಗುಬ್ಬಿ ಓದುಗ:
ಸರಿ. 25 ತೆಗೆದೆ, ಮಿಶಿಮಾ ಊರು ತೆಗೆದೆ, ಮಗೊಮೆ ತೆಗೆದೆ. ಮಿವಾ ಬೆಳಿಗ್ಗೆ, ಒಬಿತೊಕೆ ಮಧ್ಯಾಹ್ನ.